ಸ್ಟಟ್‌ಗಾರ್ಟಿನ ಛಾವಣಿಯಲ್ಲಿ ಕಾಂಗ್ರೆಸ್ ಗಿಡ

ಪೀಣ್ಯ, ಹೊರಡುವ ಮೊದಲು

ನನ್ನ ಹೆಸರು ಚಂದ್ರಪ್ಪ ಎಂಬುದು ನಮ್ಮ ಕಾರ್ಖಾನೆಯ ಹಾಜರಿ ಪುಸ್ತಕಕ್ಕೂ ಎಂ.ಡಿ.ಗೂ ಮಾತ್ರ ಗೊತ್ತು. ಉಳಿದವರಿಗೆಲ್ಲ ನಾನು ಸೋರಪ್ಪ. ಪೀಣ್ಯದಲ್ಲಿ ಗೇರ್ ತಯಾರಿಸುವ ಆ ಕಾರ್ಖಾನೆಯ ಕಟ್ಟಡಗಳ ಉಸ್ತುವಾರಿ ನನ್ನದು. ಎಲ್ಲಿ ಸೋರಿದರೂ ಡಾಂಬರಿನ ಡಬ್ಬ ಹಿಡಿದು ಛಾವಣಿ ಹತ್ತುವವನು ನಾನೇ. ಛಾವಣಿಯ ಶತ್ರುಗಳು ಎರಡು, ನೀರು ಮತ್ತು ಬೇರು. ಗೋಡೆಯ ಬಿರುಕಿನಲ್ಲಿ ಒಂದು ಅರಳಿ ಎಲೆ ಇಣುಕಿದರೂ ನನಗೆ ಅವತ್ತು ಊಟ ಸೇರುತ್ತಿರಲಿಲ್ಲ. ಅದನ್ನು ಬುಡಸಮೇತ ಕಿತ್ತು, ಬಿರುಕಿಗೆ ಸಿಮೆಂಟು ಮೆತ್ತಿ ಕೆಳಗಿಳಿದ ಮೇಲೆಯೇ ಸಮಾಧಾನ.

ಇಂಥವನನ್ನು ನಮ್ಮ ಎಂ.ಡಿ. ಒಂದು ದಿನ ಕರೆದು, "ಚಂದ್ರಪ್ಪ, ಮಾಕಳೀಲಿ ಕಟ್ತಿದೀವಲ್ಲ ಹೊಸ ಬ್ಲಾಕು, ಅದರ ಮೇಲೆ ಕಾಡು ಬೆಳೀಬೇಕು" ಎಂದರು.

ನಾನು ತಪ್ಪು ಕೇಳಿಸಿಕೊಂಡೆನೆಂದುಕೊಂಡೆ. ಅವರು ವಿವರಿಸಿದರು. ನಮ್ಮ ಗೇರುಗಳನ್ನು ಕೊಳ್ಳುವ ಜರ್ಮನ್ ಕಂಪನಿಯವರು ಇನ್ನು ಮೇಲೆ ಹೊಸ ಕಟ್ಟಡದ ಮೇಲೆ ಜೀವಂತ ಛಾವಣಿ ಇದ್ದರಷ್ಟೇ ಮುಂದಿನ ಆರ್ಡರ್ ಕೊಡುತ್ತಾರಂತೆ. ಮಣ್ಣು, ಗಿಡ, ಹೂವು, ಹಕ್ಕಿ, ಚಿಟ್ಟೆ ಎಲ್ಲ ಇರಬೇಕಂತೆ. ಪೇಟೆಗಳು ಬೆಳೆದು ಚಿಟ್ಟೆಗಳಿಗೆ ಜಾಗವಿಲ್ಲದಂತಾಗಿದೆ, ಅದನ್ನು ನಾವು ಮೇಲ್ಗಡೆ ಕೊಡಬೇಕಂತೆ.

"ಸಾರ್, ಮಣ್ಣು ಹಾಕಿದ್ರೆ ಸೋರುತ್ತೆ."

"ಅದಕ್ಕೇ ಕಣ್ರೀ ನಿಮ್ಮನ್ನ ಕಳಿಸ್ತಿರೋದು. ಸೋರದ ಹಾಗೆ ಕಾಡು ಬೆಳೆಸೋದು ಹೇಗೆ ಅಂತ ಕಲ್ತ್ಕೊಂಡ್ ಬನ್ನಿ. ಮೂರು ವಾರ, ಸ್ಟಟ್‌ಗಾರ್ಟು."

ಆಗಿನ್ನೂ ಪೀಣ್ಯದಲ್ಲಿ ಮೆಟ್ರೋದ ಕಂಬಗಳು ಎದ್ದಿದ್ದವೇ ಹೊರತು ರೈಲು ಬಂದಿರಲಿಲ್ಲ. ಆ ಕಂಬಗಳ ನಡುವೆ ಬಸ್ಸಿನಲ್ಲಿ ಒಂದೂವರೆ ಗಂಟೆ ಕೂತು ಮನೆಗೆ ಹೋಗಿ ಹೆಂಡತಿ ಸರೋಜಳಿಗೆ ವಿಷಯ ತಿಳಿಸಿದೆ. ಅವಳು ಚಟ್ನಿಪುಡಿ ಕಟ್ಟುತ್ತಾ, "ನಿಮ್ಮನ್ನ ಗಿಡ ಬೆಳೆಸೋಕೆ ಕರೀತಿದಾರಾ? ಪಾಪ, ಅವರಿಗೆ ಯಾರಾದ್ರೂ ಒಂದು ಮಾತು ಹೇಳ್ಬೇಕಿತ್ತು" ಎಂದಳು. ಚಟ್ನಿಪುಡಿಯ ಜೊತೆಗೆ ನಾಲ್ಕು ಅಂತಸ್ತಿನ ಸ್ಟೀಲ್ ಟಿಫನ್ ಕ್ಯಾರಿಯರನ್ನೂ ಪೆಟ್ಟಿಗೆಗೆ ತುರುಕಿದಳು.

ಸ್ಟಟ್‌ಗಾರ್ಟ್, ಮೊದಲ ವಾರ

ಸ್ಟಟ್‌ಗಾರ್ಟ್ ಬೋಗುಣಿಯಂಥ ಊರು. ಸುತ್ತ ಗುಡ್ಡ, ನಡುವೆ ಪೇಟೆ. ಟ್ರಾಮು ಗುಡ್ಡ ಹತ್ತುವಾಗ ಕಿಟಕಿಯಿಂದ ಕೆಳಗಿನ ಛಾವಣಿಗಳೆಲ್ಲ ಕಾಣುತ್ತವೆ. ಒಂದರ ಮೇಲೆ ಹುಲ್ಲು, ಇನ್ನೊಂದರ ಮೇಲೆ ಪೊದೆ, ಮತ್ತೊಂದರ ಮೇಲೆ ಏನೇನೋ ನೇರಳೆ ಹೂವು. ಇಷ್ಟು ದೊಡ್ಡ ಊರಿಗೆ ಒಬ್ಬನೇ ಒಬ್ಬ ಮೆಂಟೆನೆನ್ಸ್ ಇಂಚಾರ್ಜ್ ಇಲ್ಲವೇ ಎಂದು ನನಗೆ ಸಂಕಟವಾಯಿತು.

ನನಗೆ ತರಬೇತಿ ಕೊಡಲು ನೇಮಕವಾಗಿದ್ದವಳು ಹೈಕೆ ಎಂಬ ಹೆಂಗಸು. ನಲವತ್ತು ದಾಟಿದ, ಏಣಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತುವ, ನಗುವ ಮುನ್ನ ಒಮ್ಮೆ ಯೋಚಿಸುವವಳು. ನಾವಿಬ್ಬರೂ ಮಾತಾಡುತ್ತಿದ್ದದ್ದು ಹರುಕುಮುರುಕು ಇಂಗ್ಲಿಷಿನಲ್ಲಿ. ಇಬ್ಬರಿಗೂ ಸಮಾನವಾಗಿ ಬಾರದ್ದರಿಂದ ಯಾರಿಗೂ ನಾಚಿಕೆ ಇರಲಿಲ್ಲ.

ಮೊದಲ ದಿನವೇ ಹೈಕೆ ಮಣ್ಣು ಬಗೆದು ಛಾವಣಿಯ ಪದರಗಳನ್ನು ತೋರಿಸಿದಳು. ಮೇಲೆ ಗಿಡ, ಅದರ ಕೆಳಗೆ ಇಟ್ಟಿಗೆ ಚೂರು ಬೆರೆತ ಹಗುರ ಮಣ್ಣು, ನೀರು ಹರಿಯುವ ತಟ್ಟೆ, ಬೇರನ್ನು ತಡೆಯುವ ಹಾಳೆ, ಎಲ್ಲಕ್ಕಿಂತ ಕೆಳಗೆ ನೀರು ತಡೆಯುವ ಪೊರೆ. ನಾನು ಮಂಡಿಯೂರಿ ಆ ಪೊರೆಯನ್ನು ಮುಟ್ಟಿ ನೋಡಿದೆ. ಒಂದು ಬಿರುಕಿಲ್ಲ. ಬಿಸಿಲು ತಾಗದೆ, ಕಾಯದೆ, ಸೀಳದೆ ಮಣ್ಣಿನಡಿ ತಣ್ಣಗೆ ಮಲಗಿತ್ತು. ಇಪ್ಪತ್ತೆರಡು ವರ್ಷ ನಾನು ಕಾಪಾಡಲು ಒದ್ದಾಡಿದ್ದನ್ನು ಇಲ್ಲಿ ಕಳೆಗಿಡಗಳು ಕಾಪಾಡುತ್ತಿದ್ದವು. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ನಾನು ಉಳಿದುಕೊಂಡದ್ದು ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿದ್ದ ಅತಿಥಿ ಕೋಣೆಯಲ್ಲಿ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹೊರಗಿನ ಮೊಳೆಗೆ ಯಾರೋ ಒಂದು ಮರದ ಫಲಕ ನೇತುಹಾಕಿದ್ದರು. ಅಂಚಿಗೆ ಕೆತ್ತನೆ, ನಡುವೆ ಒಂದೇ ಒಂದು ಉದ್ದನೆಯ ಜರ್ಮನ್ ಪದ. ಅತಿಥಿ ಸತ್ಕಾರವೆಂದರೆ ಇದು ಅಂದುಕೊಂಡು ಫಲಕಕ್ಕೆ ಕೈಮುಗಿದೆ.

ಎದುರು ಮನೆಯಲ್ಲಿ ಫ್ರೌ ಮ್ಯೂಲರ್ ಎಂಬ ವೃದ್ಧೆ ಒಬ್ಬರೇ ಇದ್ದರು. ಫ್ರೌ ಅಂದರೆ ಶ್ರೀಮತಿಯಂತೆ, ನಾನು ಮನಸ್ಸಿನಲ್ಲಿ ಮ್ಯೂಲರಮ್ಮ ಅನ್ನುತ್ತಿದ್ದೆ. ಅವರಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ದಿನಾ ಮೆಟ್ಟಿಲಲ್ಲಿ ಎದುರಾದಾಗ ಅವರು ಫಲಕವನ್ನು ನೋಡುತ್ತಿದ್ದರು, ಮೆಟ್ಟಿಲನ್ನು ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡಿ ಏನೋ ಹೇಳುತ್ತಿದ್ದರು. ನಾನು ಹಲ್ಲು ಕಿರಿದು ನಮಸ್ಕರಿಸುತ್ತಿದ್ದೆ. ಬುಧವಾರದ ಹೊತ್ತಿಗೆ ಅವರ ದನಿ ಏರಿತ್ತು. ಶುಕ್ರವಾರ ಫಲಕದ ಮೇಲೆ ಬೆರಳಿನಿಂದ ಮೂರು ಸಲ ಕುಟ್ಟಿದರು. ನಾನೂ ಮೂರು ಸಲ ಕುಟ್ಟಿ, "ತುಂಬಾ ಚೆನ್ನಾಗಿದೆ" ಎಂದು ಕನ್ನಡದಲ್ಲಿ ಹೇಳಿದೆ. ಅವರು ಬಾಗಿಲು ಹಾಕಿಕೊಂಡ ಸದ್ದು ತಳಮಹಡಿಯವರೆಗೂ ಕೇಳಿರಬೇಕು.

ಛಾವಣಿ, ಶನಿವಾರ

ಶನಿವಾರ ಹೈಕೆ ನನ್ನನ್ನು ಗ್ರಂಥಾಲಯವೊಂದರ ಛಾವಣಿಗೆ ಕರೆದೊಯ್ದಳು. ಅವಳ ಹೆಮ್ಮೆಯ ಛಾವಣಿ ಅದು. ಒಂದೆಡೆ ಮರಳಿನ ದಿಬ್ಬ, ಒಂಟಿ ಜೇನುಗಳು ಗೂಡು ಕೊರೆಯಲಿ ಅಂತ. ಒಂದೆಡೆ ಕೊಳೆಯುವ ದಿಮ್ಮಿ, ಜೀರುಂಡೆಗಳಿಗೆ. ನಿವೃತ್ತ ದಂಪತಿ ಪುಸ್ತಕ, ಪೆನ್ಸಿಲು ಹಿಡಿದು ಚಿಟ್ಟೆ ಎಣಿಸಲು ಬಂದಿದ್ದರು. ಆ ಗಂಡಹೆಂಡತಿ ಒಂದು ಹಳದಿ ಚಿಟ್ಟೆಯ ಬಗ್ಗೆ ವಾದಕ್ಕೆ ಬಿದ್ದು, ಅದನ್ನು ಬಗೆಹರಿಸಲು ಹೈಕೆಯನ್ನು ಛಾವಣಿಯ ಇನ್ನೊಂದು ತುದಿಗೆ ಕರೆದುಕೊಂಡು ಹೋದರು.

ನಾನೊಬ್ಬನೇ ಉಳಿದೆ. ಆಗ ಕಣ್ಣಿಗೆ ಬಿತ್ತು.

ಸೀಳು ಸೀಳಾದ ಎಲೆ, ಮೊಣಕಾಲೆತ್ತರದ ಕಾಂಡ, ತುದಿಯಲ್ಲಿ ಬಿಳಿ ಹೂವಿನ ಗೊಂಚಲು. ಒಂದಲ್ಲ, ಎರಡಲ್ಲ, ಛಾವಣಿಯ ಒಂದು ಮೂಲೆಯೇ ತುಂಬಿಹೋಗಿತ್ತು. ಕಾಂಗ್ರೆಸ್ ಗಿಡ! ತುಮಕೂರು ರಸ್ತೆಯ ಬದಿಯಲ್ಲಿ, ಪೀಣ್ಯದ ಪ್ರತಿ ಖಾಲಿ ಸೈಟಿನಲ್ಲಿ ನಾನು ಜೀವಮಾನವಿಡೀ ಕಿತ್ತ ಗಿಡ. ಇದರ ದೆಸೆಯಿಂದ ಸರೋಜಳಿಗೆ ಉಬ್ಬಸ, ನನಗೆ ಮೈಯೆಲ್ಲ ನವೆ. ಪಾಪ, ಈ ಜನಕ್ಕೆ ಇದರ ಪರಿಚಯವಿಲ್ಲ, ಹೂವೆಂದು ಬಿಟ್ಟುಕೊಂಡಿದ್ದಾರೆ. ಇಷ್ಟು ಆದರಿಸಿದವರಿಗೆ ನನ್ನ ಕೈಲಾದ ಉಪಕಾರ ಮಾಡೋಣವೆಂದು ಕೋಟು ಬಿಚ್ಚಿಟ್ಟು, ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಶುರು ಮಾಡಿದೆ.

ಅರ್ಧ ಗಂಟೆಯಲ್ಲಿ ಮೂಲೆ ಸ್ವಚ್ಛವಾಯಿತು. ಗೋಣಿಚೀಲ ತುಂಬಿತು. ಬೆವರು ಒರೆಸಿಕೊಳ್ಳುತ್ತಿರುವಾಗ ಹೈಕೆ ಬಂದಳು.

ಅವಳು ಕಿರುಚಲಿಲ್ಲ. ದಿಮ್ಮಿಯ ಮೇಲೆ ಮೆಲ್ಲಗೆ ಕೂತಳು. ಚಿಟ್ಟೆ ಎಣಿಸುವ ಹೆಂಗಸು ಗಂಡನ ತೋಳು ಹಿಡಿದುಕೊಂಡರು.

"ಇದೇನು ಮಾಡಿದಿರಿ?"

"ಕಾಂಗ್ರೆಸ್," ಅಂದೆ ಹೆಮ್ಮೆಯಿಂದ. "ಎಲ್ಲ ತೆಗೆದುಬಿಟ್ಟೆ."

"ಯಾವ ಕಾಂಗ್ರೆಸ್? ಇಲ್ಲಿ ಯಾವ ಸಮ್ಮೇಳನವೂ ಇರಲಿಲ್ಲ."

"ಸಮ್ಮೇಳನ ಅಲ್ಲ, ಈ ಗಿಡ. ಬಹಳ ಅಪಾಯ."

ಹೈಕೆ ಒಂದು ಬೇರನ್ನು ಎತ್ತಿ, ಮುರಿದು, ನನ್ನ ಮೂಗಿಗೆ ಹಿಡಿದಳು. ಘಮ್ಮೆಂದು ಹಸಿ ಕ್ಯಾರೆಟ್ಟಿನ ವಾಸನೆ. "ಚಂದ್ರಪ್ಪ, ಇದು ಕಾಡು ಕ್ಯಾರೆಟ್. ಈ ಊರಿನಲ್ಲಿ ಅಪರೂಪವಾದ ಒಂದು ಚಿಟ್ಟೆ ಇದರ ಮೇಲೆ ಮೊಟ್ಟೆ ಇಟ್ಟು, ಮರಿಹುಳಗಳೂ ಆಗಿದ್ದವು. ಮೂರು ವರ್ಷ ಕಾದಿದ್ದೆವು. ಅದನ್ನು ಮುಟ್ಟಬಾರದೆಂದು ಕಾನೂನೇ ಇದೆ."

ನಾನು ಚೀಲದ ಬಾಯಿ ಬಿಚ್ಚಿದೆ. ನಾಲ್ವರೂ ಚೀಲ ಸುರಿದು ಒಂದೊಂದೇ ಗಿಡ ಬಿಡಿಸಿದೆವು. ಹಸಿರು ಮೈ, ಕಪ್ಪು ಪಟ್ಟೆ, ಪಟ್ಟೆಯ ಮೇಲೆ ಕಿತ್ತಳೆ ಚುಕ್ಕಿ, ರೇಷ್ಮೆ ಸೀರೆಯ ಅಂಚಿನಂಥ ಹುಳಗಳು. ಮುಟ್ಟಿದರೆ ನೆತ್ತಿಯಿಂದ ಕಿತ್ತಳೆ ಬಣ್ಣದ ಕವಲುಕೊಂಬು ಹೊರಹಾಕಿ ಕೊಳೆತ ಅನಾನಸಿನ ವಾಸನೆ ಬಿಡುತ್ತಿದ್ದವು. ನನಗೆ ಅದು ಸರಿಯೆನಿಸಿತು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ದಂಪತಿಯ ಎಣಿಕೆ ಪುಸ್ತಕದಲ್ಲಿ ಏಳು ಎಂದು ಬರೆದಿತ್ತು. ಏಳೂ ಸಿಕ್ಕಿದವು.

ಹೈಕೆ ಅವನ್ನು, ಮಧ್ಯಾಹ್ನದ ಬ್ರೆಡ್ಡಿಗೆಂದು ನಾನು ತಂದಿದ್ದ ಟಿಫನ್ ಕ್ಯಾರಿಯರಿಗೆ ಇಳಿಸಿ ನನ್ನ ಕೈಗೇ ಕೊಟ್ಟಳು. "ಕಿತ್ತವರೇ ಸಾಕಬೇಕು. ಇನ್ನು ಕೆಲವೇ ದಿನ, ಕೋಶ ಕಟ್ಟುತ್ತವೆ. ಕ್ಯಾರೆಟ್ ಸೊಪ್ಪು, ಸೋಂಪಿನ ಸೊಪ್ಪು, ಇಲ್ಲವೇ ಸಬ್ಬಸಿಗೆ. ಬೇರೇನೂ ತಿನ್ನುವುದಿಲ್ಲ."

ಭಾನುವಾರ

ಬೆಳಗಾಗುವಷ್ಟರಲ್ಲಿ ಕಿತ್ತ ಗಿಡವೆಲ್ಲ ಬಾಡಿ ನಾರಾಗಿತ್ತು. ಏಳು ಹುಳಗಳೂ ತಲೆಯೆತ್ತಿ ನನ್ನನ್ನೇ ನೋಡುತ್ತಿರುವಂತೆ ಕಂಡಿತು. ಚಟ್ನಿಪುಡಿ ಬಿಟ್ಟರೆ ನನ್ನಲ್ಲಿ ಏನೂ ಇರಲಿಲ್ಲ.

ಸೊಪ್ಪು ತರಲು ಓಡಿದೆ. ಅಂಗಡಿ ಮುಚ್ಚಿತ್ತು. ಮುಂದಿನದೂ ಮುಚ್ಚಿತ್ತು. ಇಡೀ ಬೀದಿಯೇ ಮುಚ್ಚಿತ್ತು. ನಮ್ಮಲ್ಲಿ ಭಾನುವಾರ ಎಂದರೆ ಮಾಕಳಿಯ ಮಟನ್ ಅಂಗಡಿ ಮುಂದೆ ರಸ್ತೆ ತಡೆಯುವಷ್ಟು ಸಾಲು. ಇಲ್ಲಿ ಭಾನುವಾರ ಕೊತ್ತಂಬರಿ ಕಟ್ಟು ಕೂಡ ಹುಟ್ಟುವುದಿಲ್ಲವಂತೆ. ವಾಹನವೇ ಇಲ್ಲದ ರಸ್ತೆಯ ಅಂಚಿನಲ್ಲಿ ಒಬ್ಬ ಮನುಷ್ಯ ಕೆಂಪು ದೀಪಕ್ಕೆ ಗೌರವ ಕೊಟ್ಟು ನಿಂತಿದ್ದ. ಅವನ ಪಕ್ಕ ನಾನೂ ನಿಂತೆ. "ಸಬ್ಬಸಿಗೆ?" ಎಂದೆ. ಅವನು ಗಡಿಯಾರ ನೋಡಿ ಸಮಯ ಹೇಳಿದ.

ಸೋತು ಮೆಟ್ಟಿಲು ಹತ್ತುತ್ತಿರುವಾಗ ಮೂರನೇ ಮಹಡಿಯಲ್ಲಿ ಆ ವಾಸನೆ ಬಂತು. ಬೇರೆ ಯಾವುದೂ ಆಗಿರಲು ಸಾಧ್ಯವೇ ಇಲ್ಲ. ಮ್ಯೂಲರಮ್ಮನವರ ಅರೆತೆರೆದ ಬಾಗಿಲಿನಾಚೆ, ಬಾಲ್ಕನಿಯ ಕುಂಡದಲ್ಲಿ, ಗಾಳಿಗೆ ಆಡುತ್ತಾ ನಿಂತಿತ್ತು ಸಬ್ಬಸಿಗೆ.

ಟಿಫನ್ ಕ್ಯಾರಿಯರ್ ತಂದು, ಮುಚ್ಚಳ ತೆಗೆದು, ಹುಳಗಳನ್ನು ತೋರಿಸಿ, ಕುಂಡವನ್ನು ತೋರಿಸಿ, ಬಾಯಿಗೆ ಕೈ ಒಯ್ದು ಅಭಿನಯಿಸಿದೆ. ನಾನು ಹುಳ ತಿನ್ನುವವನೆಂದು ಅವರು ಭಾವಿಸಿದರೆಂದು ಕಾಣುತ್ತದೆ. ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಮೊದಲಿನಿಂದ ಅಭಿನಯಿಸಿದೆ. ಈ ಸಲ ಅರ್ಥವಾಯಿತು. ಆದರೆ ಅವರು ಸೊಪ್ಪಿನ ಕಡೆ ಹೋಗಲಿಲ್ಲ. ನನ್ನ ಬಾಗಿಲಿನ ಫಲಕವನ್ನು ತೋರಿಸಿದರು. ಒಳಗಿನಿಂದ ಪೊರಕೆ ತಂದು ನನ್ನ ಕೈಗಿಟ್ಟರು. ಮೆಟ್ಟಿಲುಗಳನ್ನು ತೋರಿಸಿದರು.

ಆ ಉದ್ದನೆಯ ಪದದ ಅರ್ಥ ಆಗ ನನ್ನ ತಲೆಗೆ ಇಳಿಯಿತು. ಫಲಕ ಯಾರ ಬಾಗಿಲಲ್ಲಿ ಇರುತ್ತದೋ ಆ ವಾರ ಇಡೀ ಕಟ್ಟಡ ಗುಡಿಸುವ ಸರದಿ ಅವರದು. ನಾನು ಒಂದು ವಾರ ಕೈಮುಗಿದದ್ದು ಅದಕ್ಕೆ.

ಅಟ್ಟದಿಂದ ನೆಲಮಾಳಿಗೆಯವರೆಗೆ ಗುಡಿಸಿದೆ, ಒರೆಸಿದೆ. ಭಾನುವಾರ ಸದ್ದು ಮಾಡಬಾರದೆಂದು ಮ್ಯೂಲರಮ್ಮ ತುಟಿಯ ಮೇಲೆ ಬೆರಳಿಟ್ಟದ್ದರಿಂದ ಬರಿಗಾಲಿನಲ್ಲೇ ಮಾಡಿದೆ. ಅವರು ಹಿಂದೆಯೇ ಇಳಿದು ಬರುತ್ತಾ ಮೂಲೆಗಳನ್ನು ಬೆರಳಿನಿಂದ ಸವರಿ ನೋಡುತ್ತಿದ್ದರು. ಎರಡು ಮೂಲೆಯಲ್ಲಿ ಫೇಲಾದೆ, ಅದಕ್ಕೆ ದಂಡವಾಗಿ ಫಲಕ ಇನ್ನೊಂದು ವಾರ ನನ್ನ ಬಾಗಿಲಲ್ಲೇ ಉಳಿಯಿತು. ಕೊನೆಗೆ ತಲೆಯಾಡಿಸಿ, ಒಳಗೆ ಹೋಗಿ, ಸೊಪ್ಪು ಚಿವುಟಿ, ಒಮ್ಮೆ ಮೂಸಿ, ದಾರದಲ್ಲಿ ಕಟ್ಟಿ ಕೊಟ್ಟರು. ಸರೋಜ ಕೂಡ ಸೊಪ್ಪನ್ನು ಹಾಗೆಯೇ ಮೂಸುತ್ತಾಳೆ.

ಹುಳಗಳು ಗಬಗಬ ತಿಂದವು. ಒಂದು ವಾರದಿಂದ ಬ್ರೆಡ್ಡು ತಿಂದು ಬದುಕಿದ್ದ ನಾನು, ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿಯನ್ನು ನೆನೆಯುತ್ತಾ ಪಕ್ಕದಲ್ಲಿ ಕೂತು ನೋಡಿದೆ. ಆಸೆ ತಡೆಯದೆ ಒಂದು ಎಳೆಯನ್ನು ನಾನೂ ತಿಂದೆ. ಅದಕ್ಕಿಂತ ಹೆಚ್ಚು ತಿಂದಿಲ್ಲ.

ಗುರುವಾರದವರೆಗೆ

ಮಂಗಳವಾರ ಬೆಳಿಗ್ಗೆ ಎಣಿಸಿದರೆ ಆರೇ ಹುಳ. ಮೇಲಿನ ಡಬ್ಬಿಯ ಮುಚ್ಚಳ ಸರಿದಿತ್ತು. ಹಾಸಿಗೆ ಕೊಡವಿದೆ, ಶೂ ಕೊಡವಿದೆ, ಚಟ್ನಿಪುಡಿಯನ್ನೂ ಜರಡಿ ಹಿಡಿದೆ. ಅದೇ ಹೊತ್ತಿಗೆ ಫೋನು ಬಂತು. ಎಂ.ಡಿ.

"ಏನ್ರೀ ಚಂದ್ರಪ್ಪ, ಹೋಗಿ ಒಂದು ವಾರಕ್ಕೇ ಅಲ್ಲಿನ ಚಿಟ್ಟೆಗಳಿಗೆಲ್ಲ ಗತಿ ಕಾಣಿಸಿದ್ರಂತೆ?"

"ಚಿಟ್ಟೆ ಅಲ್ಲ ಸಾರ್, ಹುಳ. ಬದುಕಿವೆ ಸಾರ್."

"ಎಷ್ಟು?"

"ಆರು ಸಾರ್."

"ಎಷ್ಟಿದ್ವು?"

ಇನ್ನೊಮ್ಮೆ ಎಣಿಸಿ ನೋಡಿದೆ. "ಏಳು ಸಾರ್."

ಆ ಕಡೆ ಗೇರು ಕಡಿಯುವ ಯಂತ್ರಗಳ ಸದ್ದು ಕೇಳಿಸುತ್ತಿತ್ತು. "ಚಂದ್ರಪ್ಪ," ಎಂದರು ಎಂ.ಡಿ., ದನಿ ತಗ್ಗಿಸಿ. "ಈ ಆರ್ಡರ್ ನಂಬಿ ಮಾಕಳೀಲಿ ಅರವತ್ತು ಜನಾನ ತಗೊಂಡಿದೀನಿ. ಆ ಒಂದು ಹುಳ ಹುಡುಕ್ರೀ."

ಅರವತ್ತು ಜನರ ಕೆಲಸ ಹೆಬ್ಬೆರಳು ಗಾತ್ರದ ಒಂದು ಹುಳದ ಮೇಲೆ ನಿಂತಿತು. ಎರಡು ದಿನ ನಾನು ಆ ಕಟ್ಟಡದಲ್ಲಿ ಅಂಬೆಗಾಲಿನಲ್ಲಿ ಓಡಾಡಿದೆ. ಮ್ಯೂಲರಮ್ಮ ಭೂತಗನ್ನಡಿ ಹಿಡಿದು ಜೊತೆ ಬಂದರು. ಅವರು ಜರ್ಮನ್‌ನಲ್ಲಿ ಕರೆಯುತ್ತಿದ್ದರು, ನಾನು ಕನ್ನಡದಲ್ಲಿ.

ಗುರುವಾರ ಅವರೇ ಕಂಡುಹಿಡಿದರು. ಹುಳ ನನ್ನ ಬಾಗಿಲಡಿ ನುಸುಳಿ, ಫಲಕದ ಕೆತ್ತನೆಗೆ ಹತ್ತಿ, ಸೊಂಟಕ್ಕೆ ರೇಷ್ಮೆ ದಾರ ಬಿಗಿದುಕೊಂಡು ಕಂದು ಬಣ್ಣದ ಕೋಶವಾಗಿ ಕೂತಿತ್ತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಮ್ಯೂಲರಮ್ಮ ನನ್ನ ಬೆನ್ನು ತಟ್ಟಿದರು. ಆಮೇಲೆ ಅವರ ಮುಖ ಕಪ್ಪಿಟ್ಟಿತು. ವಾರದ ಕೊನೆಗೆ ಫಲಕ ಮುಂದಿನ ಮನೆಗೆ ಹೋಗಬೇಕಲ್ಲ!

ಹೈಕೆ ಬಂದು ನೋಡಿ, ಚಳಿಗಾಲಕ್ಕೆ ಮುಂಚಿನ ಪೀಳಿಗೆ ಇದು, ಇನ್ನು ವಸಂತದವರೆಗೆ ಚಿಟ್ಟೆ ಹೊರಬರುವುದಿಲ್ಲ, ಅಲ್ಲಿಯವರೆಗೆ ಫಲಕವನ್ನು ಕದಲಿಸುವಂತಿಲ್ಲ ಎಂದಳು. ಆ ಸಂಜೆಯೇ ಆರು ಮನೆಯವರ ಸಭೆ ಮೆಟ್ಟಿಲ ಮೇಲೆ ಸೇರಿತು. ಹೈಕೆ ನನಗೆ ಅನುವಾದಿಸುತ್ತಿದ್ದಳು. ಫಲಕವಿರುವ ಮನೆಯವರೇ ಗುಡಿಸಬೇಕೆಂಬುದು ಕಟ್ಟಡದ ನಿಯಮ. ಆ ಪ್ರಕಾರ ಮೇ ತಿಂಗಳವರೆಗೆ ನಾನೇ ಗುಡಿಸಬೇಕು. ನನ್ನ ವೀಸಾ ಮುಗಿಯಲು ಇನ್ನು ಹತ್ತೇ ದಿನ. ಎರಡನೇ ಫಲಕ ಮಾಡಿಸೋಣವೆಂದು ಒಬ್ಬರು ಹೇಳಿದ್ದೇ ತಡ, ಹಾಗಾದರೆ ನಿಜವಾದ ಫಲಕ ಯಾವುದೆಂದು ಜಗಳ ಹತ್ತಿತು. ಒಂದು ಗಂಟೆಯಾದ ಮೇಲೆ ಮ್ಯೂಲರಮ್ಮ ಎದ್ದು ನಿಂತು ಎರಡೇ ಮಾತಾಡಿದರು. ಜಗಳ ಅಲ್ಲಿಗೇ ಮುಗಿಯಿತು.

"ಏನಂದರು?"

"ಚಿಟ್ಟೆ ಏಳುವವರೆಗೆ ಗುಡಿಸುವುದು ತನ್ನ ಕೆಲಸ ಅಂದರು," ಎಂದಳು ಹೈಕೆ. "ಈ ಕಟ್ಟಡದಲ್ಲಿ ಇಂಥದ್ದು ಇದೇ ಮೊದಲಂತೆ."

ಉಳಿದ ಆರನ್ನೂ ಗ್ರಂಥಾಲಯದ ಛಾವಣಿಯ ಸೋಂಪಿನ ಗಿಡಗಳಿಗೆ ಬಿಟ್ಟೆವು. ಮುಂದಿನ ಮೇ ತಿಂಗಳಲ್ಲಿ ಹೈಕೆಯ ಇಮೇಲಿನಲ್ಲಿ ಒಂದು ಫೋಟೊ ಬಂತು. ಹಳದಿ, ಕಪ್ಪು ರೆಕ್ಕೆ ಬಿಚ್ಚಿ ಫಲಕದ ಮೇಲೆ ಕೂತ ಚಿಟ್ಟೆ, ಪಕ್ಕದಲ್ಲಿ ಪೊರಕೆ ಹಿಡಿದ ಮ್ಯೂಲರಮ್ಮ.

ಮಾಕಳಿ

ಮಾಕಳಿಯ ಹೊಸ ಬ್ಲಾಕಿನ ಛಾವಣಿಗೆ ಪೊರೆ ಹಾಸಿ, ಎರಡು ದಿನ ನೀರು ನಿಲ್ಲಿಸಿ ಪರೀಕ್ಷಿಸಿ, ಮಣ್ಣು ಹರಡಿದೆ. ಮಣ್ಣನ್ನು ಹೊರಗಿನಿಂದ ತರಿಸಲಿಲ್ಲ. ಪಾಯ ತೋಡುವಾಗ ತೆಗೆದ ಮೇಲ್ಮಣ್ಣು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಅದಕ್ಕೇ ತೆಂಗಿನ ನಾರು, ಇಟ್ಟಿಗೆ ಚೂರು ಬೆರೆಸಿದೆ. ಗಿಡಗಳಿಗೆ ನರ್ಸರಿಯಲ್ಲಿ ಹೇಳಿಟ್ಟಿದ್ದೆ. ಅವು ಬರುವ ಮೊದಲೇ ಮಳೆ ಬಂತು. ಹದಿನೈದು ದಿನದಲ್ಲಿ ಛಾವಣಿ ತಾನಾಗಿ ಹಸಿರಾಯಿತು.

ಹೌಸ್‌ಕೀಪಿಂಗಿನವರು ಕುಡುಗೋಲು ಹಿಡಿದು ಬಂದರು. ನಾನು ಏಣಿಗೆ ಅಡ್ಡ ನಿಂತೆ. "ಯಾವುದನ್ನ ಯಾರು ತಿಂತಾರೆ ಅಂತ ಗೊತ್ತಾಗೋವರೆಗೂ ಒಂದು ಕಡ್ಡೀನೂ ಕೀಳ್ಬಾರ್ದು."

"ಯಾರಿಗ್ ಗೊತ್ತು ಸಾರ್ ಅದೆಲ್ಲ?" ಎಂದರು. ನ್ಯಾಯವಾದ ಪ್ರಶ್ನೆ. ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮೂರಂತಸ್ತಿನ ಬಾಡಿಗೆ ಕಟ್ಟಡದ ಮೇಲಿನಿಂದ ಒಂದು ಕೂಗು ಬಂತು. "ಯಾರಪ್ಪಾ ಅದು, ನಮ್ಮೊಲ ಎತ್ಕೊಂಡೋಗಿ ಅಟ್ಟದ ಮ್ಯಾಲೆ ಮಡಗಿರೋರು?"

ಅವರು ಅಕ್ಕಯ್ಯಮ್ಮ. ನಮ್ಮ ಬ್ಲಾಕು ಎದ್ದದ್ದು ಅವರು ಮಾರಿದ ಹೊಲದಲ್ಲಿ. ನಮ್ಮ ಕೆಲಸಗಾರರು ಬಾಡಿಗೆಗೆ ಇರುವುದು ಅವರ ಕೋಣೆಗಳಲ್ಲಿ. ಒಣಹಾಕಿದ ಮೆಣಸಿನಕಾಯಿಯ ಪಕ್ಕ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. "ಅದು ರಾಗಿ ಅಲ್ವೇನಪ್ಪ? ಅಂಚಿಗೆ ಎದ್ದಿರೋದು ಉಚ್ಚೆಳ್ಳು! ಇಂದ್ಲ ಸಲ ನಾನೇ ಚೆಲ್ಲಿದ್ದು, ಉದುರಿ ಮಣ್ಣಾಗೆ ಉಳ್ಕೊಂಡೈತೆ!"

ಕೈಮುಗಿದು ಬರಹೇಳಿದೆ. ಹೆಲ್ಮೆಟ್ ಹಾಕಿಕೊಂಡು, ಕೊರಳಿಗೆ ವಿಸಿಟರ್ ಟ್ಯಾಗ್ ನೇತುಹಾಕಿಕೊಂಡು ಬಂದರು. ಅಣ್ಣೆಸೊಪ್ಪು, ತುಂಬೆ, ಉತ್ತರಾಣಿ, ಹೊನಗೊನೆ, ಒಂದೊಂದನ್ನೂ ಮುಟ್ಟಿ ಹೆಸರು ಹೇಳಿದರು. ಯಾವುದರಲ್ಲಿ ಎಂಥ ಹುಳ ಬೀಳುತ್ತದೆ, ಯಾವುದರ ಹೂವಿಗೆ ಯಾವ ಬಣ್ಣದ ಪಾತರಗಿತ್ತಿ ಬರುತ್ತದೆ, ಎಲ್ಲ ಬಾಯಿಪಾಠ. ಅಲ್ಲಿಂದ ದಿನಾ ಬರತೊಡಗಿದರು. ಕಾರ್ತಿಕದ ಹೊತ್ತಿಗೆ ಛಾವಣಿಯ ಅಂಚೆಲ್ಲ ಅವರ ಉಚ್ಚೆಳ್ಳು, ಅಂದರೆ ಹುಚ್ಚೆಳ್ಳಿನ ಹಳದಿ ಹೂವು. ಲಾರಿಗಳು ಹೊಗೆಯುಗುಳುವ ತುಮಕೂರು ರಸ್ತೆಯ ಮೇಲಿನಿಂದ ಚಿಟ್ಟೆಗಳು ಎಲ್ಲಿಂದಲೋ ಹುಡುಕಿಕೊಂಡು ಬಂದವು. ಪರಿಶೀಲನೆಗೆ ಬಂದ ಹೈಕೆ ಗಿಡಗಳ ಪಟ್ಟಿ ಕೇಳಿದಾಗ ಅಕ್ಕಯ್ಯಮ್ಮ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ, ಹೈಕೆ ಸಹಿ ಹಾಕಿದಳು. ಆರ್ಡರ್ ಬಂತು, ಅರವತ್ತು ಜನರ ಕೆಲಸ ಉಳಿಯಿತು. ಎಂ.ಡಿ. ಕೋಣೆಯಲ್ಲಿ ಒಮ್ಮೆ ನೀರು ತೊಟ್ಟಿಕ್ಕಿ ನನ್ನ ಜೀವ ಬಾಯಿಗೆ ಬಂದಿತ್ತು. ನೋಡಿದರೆ ಏ.ಸಿ.

ಈಗ ಉಳಿದಿರುವುದು ಗೇಟಿನ ತೊಂದರೆ ಒಂದೇ. ಅಕ್ಕಯ್ಯಮ್ಮನೂ ಸೇರಿ ಹೊರಗಿನವರು ಯಾರೇ ಬಂದರೂ ಯಾರನ್ನು ನೋಡಬೇಕೆಂದು ಪುಸ್ತಕದಲ್ಲಿ ಬರೆಸಬೇಕು. ಮೊನ್ನೆ ಕಾವಲಿಗೆ ಹೊಸಬರು ಬಂದರು, ಕೊಪ್ಪಳದ ಕಡೆಯ ಹಿರಿಯರು. ಅವರ ಸೀಮೆಯಲ್ಲಿ ಹುಚ್ಚೆಳ್ಳಿಗೆ ಗುರೆಳ್ಳು ಅನ್ನುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮೇಜಿನ ಫೋನು ಬಡಿದುಕೊಂಡಿತು.

"ಸರ್, ಗೇಟಿನ್ಯಾಗ ಒಬ್ಬಾಕಿ ಅಮ್ಮಾರು ಬಂದಾರ್ರೀ. ಉಚ್ಚೆಳ್ಳು ಅನ್ನೋರನ್ನ ನೋಡಬೇಕಂತ ನಿಂತಾರ. ನಮ್ಮ ಲಿಸ್ಟಿನ್ಯಾಗ ಆ ಹೆಸರಿನವರು ಯಾರೂ ಇಲ್ರೀ. ಅವರದು ಯಾವ ಡಿಪಾರ್ಟ್‌ಮೆಂಟ್ ರೀ?"

"ಅವರು ಮೇಲ್ಗಡೆ ಇರ್ತಾರೆ," ಅಂದೆ. "ಆ ಅಮ್ಮನಿಗೋಸ್ಕರಾನೇ ಕಾಯ್ತಿದಾರೆ. ಬೇಗ ಒಳಗೆ ಬಿಡಿ."